ಮೂಗಿಲಿಗೂ ತಾಟೆಗೂ ಒಂದೇ ತಕ್ಕಡಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಹಂಸಗಳ ಸಾಲಿನ ಕೆಳಗೆ ಮಕರಗಳ ಸಾಲೊಂದಿದೆ. ಗೈಡುಗಳು ಅದರ ಮುಂದೆ ನಿಂತು ಬೆರಳು ಮಡಚುತ್ತಾ ಲೆಕ್ಕ ಒಪ್ಪಿಸುತ್ತಾರೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ನವಿಲಿನ ಬಾಲ. ಹೋದ ಬೇಸಿಗೆ ರಜೆಗೆ ಮಲ್ಪೆಯಿಂದ ಬಂದಿದ್ದ ತಂಗಿಯ ಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಮಾವ, ಇದ್ರಲ್ಲಿ ತಾಟೆ ಎಲ್ಲುಂಟು?" ಎಂದಳು.

ತಾಟೆ ಅಂದರೆ ಶಾರ್ಕ್. ಕರಾವಳಿಯವರ ಮಾತು. ಅರಸೀಕೆರೆಯ ನಮಗೆ ಆ ಪ್ರಾಣಿಗೆ ಇಂಗ್ಲಿಷಿನ ಹೆಸರೇ ಗತಿ. ಮಕರ ಸಮುದ್ರದ ಪ್ರಾಣಿ, ವರುಣನ ವಾಹನ ಎಂದು ಗೈಡು ಹೇಳಿದ್ದೇ ತಪ್ಪಾಯಿತು. ಸಮುದ್ರದ ಪ್ರಾಣಿಯಲ್ಲಿ ತಾಟೆಯ ಅಂಶವೇ ಇಲ್ಲವೆಂದರೆ ಬಂದರಿನ ಹುಡುಗಿ ಒಪ್ಪುವುದು ಹೇಗೆ? ಕೆತ್ತಿದವರು ಕಡಲು ಕಂಡಿದ್ದರೋ ಇಲ್ಲವೋ, ಈ ಊರಿನ ಹಳೆಯ ಹೆಸರು ಮಾತ್ರ ದೋರಸಮುದ್ರ. ಇಲ್ಲಿ ಸಮುದ್ರವೆಂದರೆ ಕೆರೆ, ಆ ಸಮುದ್ರದಲ್ಲಿ ತಾಟೆ ಇರಲಿಲ್ಲ ಎಂದು ಸಮಾಧಾನ ಹೇಳಿದೆ. ಅವಳು ಆಗಲೇ ಒಂದು ಗಣಪನ ಶಿಲ್ಪದ ಕೆಳಗೆ ಬಗ್ಗಿ ನೋಡುತ್ತಿದ್ದಳು. "ಇದು ಇಲಿ ಅಲ್ಲ ಮಾವ. ನಿಮ್ಮ ಮನೆಯ ಮೂಗಿಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಪ್ರಶ್ನೆ ಬಂತು. ಮೂಗಿಲಿ, ತಾಟೆ, ಎರಡರಲ್ಲಿ ಗಟ್ಟಿಗ ಯಾರು? ಮಕ್ಕಳ ಪ್ರಶ್ನೆ ಎಂದು ನಕ್ಕು ಬಿಡಬಹುದಿತ್ತು. ಆದರೆ ನಾನು ಒಂದು ಕಾಲದಲ್ಲಿ ಹಾಸನದಲ್ಲಿ ಸಿಬಿಝಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವನು. ನನ್ನ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ.

ಮೂಗಿಲಿಗೆ ಸೊಂಡಿಲಿ ಎಂಬ ಹೆಸರೂ ಇದೆ, ಅದೇ ಇನ್ನೂ ಒಪ್ಪುವ ಹೆಸರು. ಸೊಂಡಿಲಿರುವ ಇಲಿ. ಮಕರಕ್ಕೂ ಅದಕ್ಕೂ ಅಷ್ಟು ನಂಟು ಉಂಟು ಎನ್ನಬಹುದು. ಆದರೆ ಹೆಸರಿನ ಎರಡನೆಯ ಅರ್ಧ ಸುಳ್ಳು. ಅದು ಇಲಿಯೇ ಅಲ್ಲ. ಇಲಿ, ಹೆಗ್ಗಣ, ಅಳಿಲುಗಳದ್ದು ಕೊರೆಯುವ ಬಾಚಿಹಲ್ಲಿನ ಕುಲ. ಸೊಂಡಿಲಿಯದು ಹುಳು ಹಿಡಿದು ತಿನ್ನುವವರ ಕುಲ, ಮುಳ್ಳಿಲಿ ಅದರ ದಾಯಾದಿ. 1766ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಡುವಾಗ ಅವನೂ 'ಇಲಿಯಂಥದ್ದು' ಎಂಬ ಅರ್ಥದ ಪದವನ್ನೇ ಅಂಟಿಸಿದ. ಈಗ ಅದು ಸಂಕಸ್ ಮುರೈನಸ್. ಚೆನ್ನಾಗಿ ಬೆಳೆದ ಗಂಡು ನೂರು ಗ್ರಾಂ ಆಸುಪಾಸು ತೂಗುತ್ತದೆ, ಹೆಣ್ಣು ಅದಕ್ಕಿಂತ ಕಡಿಮೆ. ಕಣ್ಣು ಮಂದ. ರಾತ್ರಿ ಗೋಡೆಯಂಚು ಹಿಡಿದು, ಚಿಲ್ಲರೆ ಕಾಸು ಕುಲುಕಿದಂಥ ಸದ್ದು ಮಾಡುತ್ತಾ ಓಡುತ್ತದೆ. ಆ ಸದ್ದಿಗಾಗಿಯೇ ಚೀನೀಯರು ಅದನ್ನು ಹಣದ ಇಲಿ ಎನ್ನುತ್ತಾರಂತೆ. ನಮ್ಮ ಅಜ್ಜಿ ಹಣದ ಮಾತೆತ್ತಿದವಳಲ್ಲ. ಮೂಗಿಲಿ ಮೂಸಿದ ಅನ್ನ ನಾಯಿಗೂ ಬೇಡ ಅನ್ನುತ್ತಿದ್ದಳು.

ಇನ್ನು ತಾಟೆ. ಶಾರ್ಕ್ ಎಂದರೆ ಯಾವ ಶಾರ್ಕ್ ಎಂದು ಮೊದಲು ಇತ್ಯರ್ಥವಾಗಬೇಕು, ಇಲ್ಲದಿದ್ದರೆ ತಕ್ಕಡಿಯೇ ಮೋಸ. ಲೋಕದಲ್ಲಿ ಐನೂರಕ್ಕೂ ಹೆಚ್ಚು ಜಾತಿಯ ಶಾರ್ಕುಗಳಿವೆ. ಒಂದು ತಟ್ಟೆಯಲ್ಲಿ ಉತ್ತರ ಅಟ್ಲಾಂಟಿಕಿನ ಗ್ರೀನ್‌ಲ್ಯಾಂಡ್ ಶಾರ್ಕನ್ನು ಇಟ್ಟರೆ ಬೇರೆಯದೇ ಕಥೆ. 2016ರಲ್ಲಿ ಅದರ ಕಣ್ಣಿನ ಮಸೂರವನ್ನು ಪರೀಕ್ಷಿಸಿ ವಯಸ್ಸು ಲೆಕ್ಕ ಹಾಕಿದವರು, ಅವರ ಕೈಗೆ ಸಿಕ್ಕ ಅತಿ ದೊಡ್ಡ ಹೆಣ್ಣಿಗೆ ಕಡಿಮೆಯೆಂದರೂ 272 ವರ್ಷ ಎಂದರು. ಅಂದರೆ ಹೈದರಾಲಿ ಮೈಸೂರಿನ ಅಧಿಕಾರ ಹಿಡಿಯುವ ಮೊದಲೇ ಅದು ಈಜುತ್ತಿತ್ತು. ಎದುರು ತಟ್ಟೆಯಲ್ಲಿ ನಮ್ಮ ಸೊಂಡಿಲಿಯ ಪುಟ್ಟ ದಾಯಾದಿ, ಎರಡು ಗ್ರಾಂ ತೂಗುವ ಎಟ್ರಸ್ಕನ್ ಸೊಂಡಿಲಿ. ಅದರ ಎದೆ ನಿಮಿಷಕ್ಕೆ 1500 ಸಲದವರೆಗೂ ಬಡಿಯುತ್ತದೆ. ಇಂಥ ಹೋಲಿಕೆಗೆ ಚಪ್ಪಾಳೆ ಬೀಳುತ್ತದೆ, ವಿಷಯ ಮುಂದೆ ಹೋಗುವುದಿಲ್ಲ. ಒಬ್ಬ ಓಡುವವನು, ಒಬ್ಬ ಕೂರುವವನು, ಅಷ್ಟೆ.

ಹಾಗಾಗಿ ಮಲ್ಪೆಯ ಧಕ್ಕೆಯಲ್ಲಿ ದಿನಾ ಬುಟ್ಟಿಯಲ್ಲಿ ಬಂದಿಳಿಯುವ ಸಣ್ಣ ತಾಟೆಯನ್ನೇ ಆರಿಸಿಕೊಂಡೆ. ವಿಜ್ಞಾನದಲ್ಲಿ ಅದು ಸ್ಕೋಲಿಯೋಡಾನ್. ಉದ್ದ ಎಷ್ಟಾದರೂ ಮುಕ್ಕಾಲು ಮೀಟರ್ ದಾಟದು. ಸಲಿಕೆಯಂತೆ ಚಪ್ಪಟೆಯಾದ ಮೂತಿ. ದಡದ ಹತ್ತಿರದ ಬಗ್ಗಡ ನೀರಿನಲ್ಲಿ ಗುಂಪಾಗಿ ತಿರುಗುತ್ತಾ ಸೀಗಡಿ, ಸಣ್ಣ ಮೀನು ತಿಂದುಕೊಂಡಿರುವ ಜೀವ. ಮನುಷ್ಯನ ತಂಟೆಗೆ ಬಾರದು. ಇದನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ: ನಾನು ಮುಟ್ಟಿದ ಮೊದಲ ಶಾರ್ಕ್ ಇದು. ಕಡಲಿನಲ್ಲಲ್ಲ, ಕಾಲೇಜಿನ ಪ್ರಯೋಗಾಲಯದ ಫಾರ್ಮಲಿನ್ ಜಾಡಿಯಲ್ಲಿ. ಈ ದೇಶದಲ್ಲಿ ಪ್ರಾಣಿಶಾಸ್ತ್ರ ಓದಿದ ನಾಲ್ಕೈದು ತಲೆಮಾರು ಶಾರ್ಕ್ ಎಂದರೆ ಇದನ್ನೇ ಕೊಯ್ದು ಕಲಿತದ್ದು. ತಿಲ್ಲಯಂಪಲಂ ಎಂಬ ಪ್ರಾಧ್ಯಾಪಕಿ 1928ರಲ್ಲಿ ಇದರ ಮೇಲೆ ಬರೆದ ಪುಸ್ತಕವೇ ಎಲ್ಲ ಕಾಲೇಜುಗಳ ಚಿತ್ರಗಳಿಗೂ ತಾಯಿಬೇರು. 2011ರಿಂದ ಯುಜಿಸಿ ಕೊಯ್ಯುವುದನ್ನು ಹಂತಹಂತವಾಗಿ ತಗ್ಗಿಸುತ್ತಾ ಬಂದು, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಕಡಲಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಹಾಸನದ ಹುಡುಗರ ಕೈಗೂ ತಾಟೆ ಸಿಗುತ್ತಿದ್ದ ಒಂದೇ ದಾರಿ ಆಗ ಮುಚ್ಚಿತು. ನನಗೆ ಅದರಿಂದ ಬೇಸರವೇನೂ ಇಲ್ಲ, ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಮೂಗಿನ ಮಾತು ಬಂತಲ್ಲ, ಅಲ್ಲಿಂದಲೇ ತೂಗೋಣ.

ತಾಟೆಯ ಮೂತಿಯ ಅಡಿಭಾಗವನ್ನು ಬೆರಳಿನಿಂದ ಒತ್ತಿದರೆ ಸೂಜಿಮೊನೆಯಂಥ ತೂತುಗಳಿಂದ ಲೋಳೆ ಒಸರುತ್ತದೆ. ಎಲ್ಲ ಶಾರ್ಕುಗಳಿಗೂ ಇರುವ ಈ ತೂತುಗಳನ್ನು ಇಟಲಿಯ ಲೊರೆಂಜಿನಿ 1678ರಲ್ಲೇ ವಿವರಿಸಿದ್ದ, ಆದರೆ ಅವು ಯಾತಕ್ಕೆಂದು ಜಗತ್ತಿಗೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಪ್ರತಿ ಜೀವದ ಸ್ನಾಯುವೂ ಮಿಡಿಯುವಾಗ ನೀರಿನಲ್ಲಿ ಕೂದಲೆಳೆಯಷ್ಟು ವಿದ್ಯುತ್ತು ಹರಡುತ್ತದೆ. ಅದನ್ನು ಈ ಲೋಳೆ ಹಿಡಿಯುತ್ತದೆ. ಮರಳಿನಡಿ ಅವಿತ ಮೀನು ಉಸಿರಾಡಿದರೆ ಸಾಕು, ಶಾರ್ಕಿಗೆ ಗೊತ್ತು. ಸೊಂಡಿಲಿಗೆ ಇಂಥ ಆರನೆಯ ಇಂದ್ರಿಯ ಇಲ್ಲ. ಅದರದು ಮೀಸೆ ಮತ್ತು ವಾಸನೆಯ ಬದುಕು. ನಮ್ಮ ಮನೆಯ ಅಟ್ಟದ ಕತ್ತಲಲ್ಲಿ, ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕೂಡಿಟ್ಟ ತೆಂಗಿನಕಾಯಿಗಳ ಸಂದಿಯಲ್ಲಿ, ಜಿರಳೆ ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದು ಸದಾ ಅದುರುತ್ತಿರುವ ಆ ಮೂತಿಯಿಂದಲೇ. ಯಂತ್ರದ ಸೂಕ್ಷ್ಮತೆ ನೋಡಿದರೆ ತಾಟೆಯ ಕಡೆ ತಟ್ಟೆ ತೂಗುತ್ತದೆ. ಆದರೆ ಲೊರೆಂಜಿನಿಯ ಲೋಳೆ ನೀರು ಬಿಟ್ಟರೆ ಕೆಲಸಕ್ಕೆ ಬಾರದು. ಸೊಂಡಿಲಿಯ ಮೂಗು ಗದ್ದೆಬದು, ರೈಲ್ವೆ ಗೋಡೌನು, ಹಡಗಿನ ತಳ, ಎಲ್ಲೂ ನಡೆಯುತ್ತದೆ. ಮನುಷ್ಯನ ಸರಕಿನ ಜೊತೆ ಅದು ಪೂರ್ವ ಆಫ್ರಿಕಾ, ಮಾರಿಷಸ್, ಗುವಾಮ್‌ವರೆಗೂ ಹೋಗಿ ನೆಲೆಸಿದೆ.

ಹಲ್ಲಿನ ಲೆಕ್ಕ ಇನ್ನೂ ಚಂದ. ಶಾರ್ಕಿನ ದವಡೆಯಲ್ಲಿ ಹಲ್ಲುಗಳು ಸಾಲುಸಾಲಾಗಿ ಹಿಂದೆ ಕಾದು ನಿಂತಿರುತ್ತವೆ. ಮುಂದಿನದು ಬಿದ್ದರೆ ಹಿಂದಿನದು ಮುಂದಕ್ಕೆ ಸರಿಯುತ್ತದೆ. ಸಾಯುವವರೆಗೂ ಹೊಸ ಹಲ್ಲು. ಸೊಂಡಿಲಿಯ ಹಾಲುಹಲ್ಲು ತಾಯಿಯ ಹೊಟ್ಟೆಯಲ್ಲೇ ಕರಗಿಹೋಗುತ್ತದೆ, ಹುಟ್ಟಿದ ಮೇಲೆ ಬರುವ ಮೂವತ್ತು ಹಲ್ಲೇ ಕೊನೆತನಕ. ಜಿರಳೆಯ ಚಿಪ್ಪು, ಮಣ್ಣು ಮೆತ್ತಿದ ಎರೆಹುಳು ಕಡಿದು ಕಡಿದು ಅವು ಸವೆಯುತ್ತವೆ. ಹೊತ್ತುಹೊತ್ತಿಗೆ ತಿನ್ನದಿದ್ದರೆ ಒಂದೆರಡು ದಿನವೂ ಬದುಕದ ಪ್ರಾಣಿಗೆ ಹಲ್ಲು ಸವೆಯುವುದೆಂದರೆ ಆಯಸ್ಸು ಸವೆಯುವುದೇ. ಎರಡು ವರ್ಷ ದಾಟಿದ ಸೊಂಡಿಲಿ ಮುದಿ. ಸಣ್ಣ ತಾಟೆಯೂ ಶಾರ್ಕುಗಳಲ್ಲಿ ಅಲ್ಪಾಯುಷಿಯೇ, ಐದಾರು ವರ್ಷದ ಬಾಳು. ಆದರೂ ಇಲ್ಲಿ ತೀರ್ಪಿಗೆ ತಡವರಿಸಬೇಕಿಲ್ಲ: ದವಡೆ ರಚಿಸುವುದರಲ್ಲಿ ಶಾರ್ಕಿನ ಕುಲ ನಲವತ್ತು ಕೋಟಿ ವರ್ಷದ ಅನುಭವ ಇರುವ ಮೇಸ್ತ್ರಿ.

ತಾಯ್ತನದ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಸೊಂಡಿಲಿ ಸಸ್ತನಿ, ಗರ್ಭಚೀಲ, ಹೊಕ್ಕುಳಬಳ್ಳಿ, ಹಾಲು, ಇವೆಲ್ಲ ಅದರ ಕಡೆಯ ಬಂಡವಾಳ ಎಂದುಕೊಂಡಿದ್ದೆ. ಸ್ಕೋಲಿಯೋಡಾನಿಗೂ ಹೊಕ್ಕುಳಬಳ್ಳಿ ಇದೆ. ಶಾರ್ಕುಗಳಲ್ಲೇ ಅತಿ ಸಣ್ಣದೆನಿಸಿದ, ಸುಮಾರು ಒಂದು ಮಿಲಿಮೀಟರಿನ ಮೊಟ್ಟೆ ಇದರದು. ಅದರಲ್ಲಿ ಮರಿಗೆ ಬೇಕಾದ ಬುತ್ತಿಯೇ ಇಲ್ಲ. ಹಾಗಾಗಿ ಮರಿ ಬಹುಪಾಲು ಮೊದಲಿನಿಂದಲೂ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡು ತಾಯಿಯಿಂದಲೇ ಪೋಷಣೆ ಪಡೆದು ಬೆಳೆಯುತ್ತದೆ. ಮೀನುಗಳಲ್ಲಿ ಇಷ್ಟು ಮುಂದುವರಿದ ವ್ಯವಸ್ಥೆ ಬೇರೆ ಇಲ್ಲವೆಂದೇ ತಜ್ಞರ ಅಭಿಪ್ರಾಯ. ಕೆಲವು ಶಾರ್ಕುಗಳು ಹೀಗೆ ಮರಿಹಾಕುತ್ತವೆಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿದ್ದ, ಹೆಚ್ಚಿನವರು ನಂಬಿರಲಿಲ್ಲ. 1842ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯುಲ್ಲರ್ ಕೊಯ್ದು ನೋಡಿ ಹೌದೆಂದ. ಐದಾರು ತಿಂಗಳ ಬಸಿರು, ಹತ್ತು ಹದಿನೈದು ಮರಿ. ಆದರೆ ಹೆತ್ತ ಕ್ಷಣಕ್ಕೆ ತಾಯಿಯ ಋಣ ಮುಗಿಯಿತು. ಗೇಣುದ್ದದ ಮರಿ ತನ್ನ ಪಾಡಿಗೆ ತಾನು.

ಸೊಂಡಿಲಿಯ ಬಸಿರು ಒಂದು ತಿಂಗಳು, ಮರಿ ಎರಡೋ ಮೂರೋ, ಹುಟ್ಟುವಾಗ ಕುರುಡು. ಗೂಡು ಬದಲಿಸಬೇಕಾದರೆ ಮೊದಲ ಮರಿ ತಾಯಿಯ ಬಾಲದ ಬುಡ ಕಚ್ಚುತ್ತದೆ, ಎರಡನೆಯದು ಮೊದಲನೆಯದರ, ಮೂರನೆಯದು ಎರಡನೆಯದರ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಹಳಿ ಬದಲಿಸಿದ ಹಾಗೆ ಇಡೀ ಸಂಸಾರ ಗೋಡೆಯಂಚಿನಲ್ಲಿ ಸಾಗುತ್ತದೆ. ಒಮ್ಮೆ ಬಚ್ಚಲ ಹಿಂದೆ ಇದನ್ನು ಕಂಡಿದ್ದೇನೆ. ಹೊಟ್ಟೆಯೊಳಗಿನ ಆರೈಕೆಗೆ ತಾಟೆ, ಹೊರಗಿನ ಆರೈಕೆಗೆ ಸೊಂಡಿಲಿ ಎಂದರೆ ನ್ಯಾಯವಾದೀತು. ಆ ರೈಲನ್ನು ಕಣ್ಣಾರೆ ಕಂಡ ನನ್ನಿಂದ ನಿಷ್ಪಕ್ಷಪಾತ ತೀರ್ಪು ನಿರೀಕ್ಷಿಸಬೇಡಿ.

ಇನ್ನೊಂದು ಸಮಾನ ಗುಣ, ಹೇಳಲು ಸ್ವಲ್ಪ ಅಸಹ್ಯ. ಇಲಿಗೆ ವಾಂತಿ ಬರುವುದಿಲ್ಲ, ಅದರ ಮೈಯ ರಚನೆಯೇ ಹಾಗೆ. ಸೊಂಡಿಲಿಗೆ ಬರುತ್ತದೆ, ಅದೂ ಪೆಟ್ಟಿಗೆಯಲ್ಲಿಟ್ಟು ಹಿಂದೆಮುಂದೆ ತೂಗಿದರೆ ಸಾಕು. ಇದನ್ನು 1980ರ ದಶಕದಲ್ಲಿ ಕಂಡುಕೊಂಡ ಜಪಾನೀಯರು ಪ್ರಯಾಣದ ವಾಕರಿಕೆ, ಕ್ಯಾನ್ಸರ್ ಔಷಧಿಯ ವಾಂತಿ ಇವನ್ನು ಅರಿಯಲು ಸೊಂಡಿಲಿಯನ್ನು ಪ್ರಯೋಗಾಲಯದಲ್ಲಿ ಸಾಕಿದರು. ಶಾರ್ಕುಗಳು ಇನ್ನೂ ಒಂದು ಹೆಜ್ಜೆ ಮುಂದೆ; ಬೇಡದ್ದು ಹೊಟ್ಟೆಗೆ ಹೋದರೆ ಇಡೀ ಜಠರವನ್ನೇ ಜೇಬು ಮಗುಚಿದಂತೆ ಬಾಯಿಂದಾಚೆ ತಂದು, ತೊಳೆದು ಒಳಗೆಳೆದುಕೊಳ್ಳಬಲ್ಲವು. ಚಾರ್ಮಾಡಿ ಘಾಟಿಯಲ್ಲಿ ಮೂರು ಸಲ ಬಸ್ಸಿನ ಕಿಟಕಿಗೆ ಮುಖ ಕೊಟ್ಟಿದ್ದ ಸೊಸೆಗೆ ಇದನ್ನು ಹೇಳಿದಾಗ ಅವಳಿಗೆ ಎರಡೂ ಪ್ರಾಣಿಗಳ ಮೇಲೆ ಮಮತೆ ಹುಟ್ಟಿತು.

ಈಗ ಆಪಾದನೆಗಳಿಗೆ ಬರೋಣ. ಎರಡಕ್ಕೂ ಕೆಟ್ಟ ಹೆಸರು ಬಂದಿದೆ. ಎರಡೂ ಕಡೆ ಸ್ವಲ್ಪ ನಿಜ, ಬಹಳಷ್ಟು ಬಾಯಿಮಾತು.

ಶಾರ್ಕಿನ ಹೆಸರು ಕೆಡಿಸಿದ್ದು 1975ರ 'ಜಾಸ್' ಸಿನಿಮಾ. ಕಡಲನ್ನೇ ನೋಡದವರೂ ಅದನ್ನು ನೋಡಿ ಕೆರೆಗಿಳಿಯಲು ಹೆದರಿದರು. ಕೆಣಕದಿದ್ದರೂ ಶಾರ್ಕ್ ಮನುಷ್ಯನನ್ನು ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60–70, ಅದರಿಂದಾಗುವ ಸಾವು ಸಾಮಾನ್ಯವಾಗಿ ಹತ್ತರೊಳಗೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58,000 ಎಂದು 2020ರ ಅಂದಾಜು. ಹಾಗೆಂದು ಶಾರ್ಕ್ ಸಾಧುವಲ್ಲ. ದೊಡ್ಡ ಜಾತಿಗಳು ಕೊಲ್ಲಬಲ್ಲವು, ಕೊಂದಿವೆ. ಕಚ್ಚಿಸಿಕೊಂಡವನ ಮನೆಯವರಿಗೆ ಸರಾಸರಿ ಲೆಕ್ಕ ಹೇಳುವುದು ಸಭ್ಯತೆಯೂ ಅಲ್ಲ.

ಸೊಂಡಿಲಿಯ ಮೇಲಿನ ಆಪಾದನೆ ಪಟ್ಟಿ ಸಣ್ಣದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಹಳೆ ಮೈಸೂರಿನ ಊರೂರಿಗೆ ಹಬ್ಬಿದ ಮೇಲೆ 'ಇಲಿ ಬಿತ್ತು' ಎಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು ಎಂದರ್ಥವಾಗಿತ್ತು. ಪ್ಲೇಗಿನ ಚಿಗಟ ಸೊಂಡಿಲಿಯ ಮೈಮೇಲೂ ಇರಬಲ್ಲದು. 1964ರಲ್ಲಿ ವೆಲ್ಲೂರಿನಲ್ಲಿ ಒಂದು ಸೊಂಡಿಲಿಯಿಂದ ತೊಟ್ಟಪಾಳಯಂ ವೈರಸ್ ಸಿಕ್ಕಿತು. ಹಂಟಾ ವೈರಸ್ಸುಗಳಲ್ಲಿ ಮೊಟ್ಟಮೊದಲು ಕೈಗೆ ಸಿಕ್ಕದ್ದು ಇದೇ. ಅವಕಾಶ ಸಿಕ್ಕರೆ ಕೋಳಿಮರಿಯನ್ನೂ ಕಚ್ಚುತ್ತದೆ. 1953ರಲ್ಲಿ ಗುವಾಮ್ ದ್ವೀಪಕ್ಕೆ ಹೊಕ್ಕ ಮೇಲೆ ಅಲ್ಲಿನ ಹಲ್ಲಿಗಳು ಕಡಿಮೆಯಾದದ್ದರಲ್ಲಿ ಇದರ ಪಾಲೂ ಇದೆ ಎನ್ನುತ್ತಾರೆ. ಇದರ ಪರವಾಗಿ ಹೇಳಬೇಕಾದ್ದು ಒಂದೇ ಮಾತು, ಅದು ಭಾರವಾದ ಮಾತು: ಅಟ್ಟದ ಕೊಬ್ಬರಿ ಕೊರೆಯುವುದು ಇಲಿ, ಹೊಡೆತ ತಿನ್ನುವುದು ಸೊಂಡಿಲಿ. ಅದು ಅಟ್ಟಕ್ಕೆ ಹೋಗುವುದು ಹುಳುವಿಗಾಗಿ. ಪಾಷಾಣ ಇಟ್ಟವರಿಗೆ, ಪೊರಕೆ ಹಿಡಿದವರಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಗೊತ್ತಿದ್ದರೂ ಕತ್ತಲಲ್ಲಿ ನೋಡುವ ವ್ಯವಧಾನ ಇಲ್ಲ.

ಅದಕ್ಕೆ ನಿಜವಾಗಿ ಮುಳುವಾದದ್ದು ವಾಸನೆ. ಪಕ್ಕೆಯಲ್ಲಿರುವ ಗ್ರಂಥಿಯಿಂದ ಕಸ್ತೂರಿಯ ಕಟುನಾತ ಹೊಮ್ಮುತ್ತದೆ, ಬೆಕ್ಕು ಕೊಂದರೂ ತಿನ್ನದೆ ಬಿಟ್ಟುಹೋಗುತ್ತದೆ. ವಿಚಿತ್ರವೆಂದರೆ ತಾಟೆಗೂ ಅದೇ ಗ್ರಹಚಾರ. ಉಪ್ಪುನೀರಿನಲ್ಲಿ ಮೈಯ ನೀರು ಬತ್ತದಿರಲೆಂದು ಶಾರ್ಕುಗಳು ರಕ್ತಮಾಂಸದಲ್ಲಿ ಯೂರಿಯಾ ತುಂಬಿಕೊಂಡಿರುತ್ತವೆ. ಸತ್ತ ಮೇಲೆ ಅದು ಅಮೋನಿಯಾ ಆಗುತ್ತದೆ. ಹಾಗಾಗಿ ತಾಟೆಯ ಒಣಮೀನು ಬಿಚ್ಚಿದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಕರಾವಳಿಯಲ್ಲಿ ತಾಟೆ ಸಾರು ಮಾಡಿ ಬಡಿಸುತ್ತಾರೆ. ತಂಗಿ ಅದನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು, ನನ್ನ ಹೆಂಡತಿ ನಾಲ್ಕನೆಯದನ್ನು ಹಾಕಿ ಹಿತ್ತಲ ಜಗಲಿಯಲ್ಲಿಟ್ಟಳು. ಬದುಕಲು ಬೇಕೇಬೇಕಾದ ರಾಸಾಯನಿಕಕ್ಕೆ ಎರಡೂ ನಮ್ಮಿಂದ ಛೀ ಅನ್ನಿಸಿಕೊಂಡಿವೆ.

ಯಾವುದರ ಬಗ್ಗೆ ಹೆಚ್ಚು ಚಿಂತೆ ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ತಟ್ಟೆಗಳು ಸಮ ನಿಲ್ಲುವುದಿಲ್ಲ. ಸೊಂಡಿಲಿಗೆ ಯಾವ ಅಪಾಯವೂ ಇಲ್ಲ, ಮನುಷ್ಯ ಇರುವಷ್ಟು ದಿನ ಅದೂ ಇರುತ್ತದೆ. ಶಾರ್ಕ್ ಮತ್ತು ಅದರ ಚಪ್ಪಟೆ ದಾಯಾದಿ ತೊರಕೆ ಜಾತಿಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅಳಿವಿನ ಹಾದಿಯಲ್ಲಿವೆ ಎಂದು 2021ರ ಜಾಗತಿಕ ಸಮೀಕ್ಷೆ ಹೇಳಿತು. ಕಾರಣ ಅತಿಯಾದ ಮೀನುಗಾರಿಕೆ. ಹಾಗಾದರೆ ಹಿಡಿಯುವುದನ್ನೇ ನಿಲ್ಲಿಸಬಹುದಲ್ಲ? 2001ರಲ್ಲಿ ಕೇಂದ್ರ ಸರ್ಕಾರ ಹಾಗೆಯೇ ಮಾಡಿತ್ತು, ಎಲ್ಲ ಶಾರ್ಕು ತೊರಕೆಗಳನ್ನೂ ಒಂದೇ ಏಟಿಗೆ ನಿಷೇಧಿಸಿತು. ಬಲೆಗೆ ಸಿಕ್ಕ ಮೇಲೆ ಯಾವುದನ್ನು ಬಿಡುವುದು, ಸತ್ತದ್ದನ್ನು ಕಡಲಿಗೆಸೆದರೆ ಯಾರಿಗೆ ಲಾಭ ಎಂದು ಮೀನುಗಾರರು ಕೇಳಿದರು. ಅದೇ ಡಿಸೆಂಬರಿನಲ್ಲಿ ಪಟ್ಟಿ ಹತ್ತು ಜಾತಿಗೆ ಇಳಿಯಿತು. ನನಗೆ ಮೀನುಗಾರರ ವಾದ ಸಣ್ಣ ತಾಟೆಯ ಮಟ್ಟಿಗೆ ಸರಿ ಎನಿಸುತ್ತದೆ, ಅದು ಒಂದೆರಡು ವರ್ಷದಲ್ಲೇ ಬಲಿತು ಮರಿಹಾಕುತ್ತದೆ. ಹತ್ತು ಹದಿನೈದು ವರ್ಷ ಬೆಳೆದು ಬಸಿರಾಗುವ ಸುತ್ತಿಗೆ ತಲೆಯ ದೊಡ್ಡ ಶಾರ್ಕಿಗೆ ಅದೇ ವಾದ ಒಪ್ಪುವುದಿಲ್ಲ. ಗುಜರಾತಿನಲ್ಲಿ ಇನ್ನೊಂದು ದಾರಿ ಹುಡುಕಿದರು. ಅತಿ ದೊಡ್ಡ ಮೀನಾದ ವೇಲ್ ಶಾರ್ಕ್ ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ ಎಂದು ಕಥಾವಾಚಕ ಮೊರಾರಿ ಬಾಪು ಜನರಿಗೆ ಹೇಳಿದರು, ಮೀನುಗಾರರು ಬೆಲೆಬಾಳುವ ಬಲೆ ಕತ್ತರಿಸಿ ಅದನ್ನು ಬಿಟ್ಟರು, ಬಲೆಗೆ ಪರಿಹಾರವೂ ಸಿಕ್ಕಿತು. ಸೊಂಡಿಲಿಗೆ ಅಂಥ ಕಥಾವಾಚಕರು ಇನ್ನೂ ಸಿಕ್ಕಿಲ್ಲ. ಗಣಪತಿಯ ಕಾಲಡಿ ಜಾಗ ಸಿಕ್ಕಿದ್ದರೂ ಅದನ್ನು ಇಲಿ ಎಂದೇ ಬರೆದುಕೊಂಡರು.

ಇಷ್ಟನ್ನೂ ಸೊಸೆಗೆ ಎರಡು ರಾತ್ರಿ ಕಂತಿನ ಮೇಲೆ ಹೇಳಿದೆ. ಅವಳಿಗೆ ಬೇಕಿದ್ದದ್ದು ಒಂದೇ ಹೆಸರು. "ನಾಳೆ ಹೇಳ್ತೀನಿ" ಎಂದು ಮಲಗಿಸಿದೆ.

ಬೆಳಿಗ್ಗೆ ಅಟ್ಟದಿಂದ ಹೆಂಡತಿ ಕೂಗಿದಳು, "ರೀ, ಬೋನಿಗೆ ಬಿದ್ದಿದೆ." ಇಳಿಸಿ ನೋಡಿದರೆ ಇಲಿಯಲ್ಲ, ಸೊಂಡಿಲಿ. ತಂತಿಯ ಸಂದಿಯಿಂದ ಮೂತಿ ತೂರಿಸಿ ನಮ್ಮನ್ನೆಲ್ಲ ಮೂಸುತ್ತಿತ್ತು. ಕೊಬ್ಬರಿ ಚೂರಿಗೆ ಇಲಿ ಬೀಳುತ್ತಿಲ್ಲವೆಂದು ಅವಳು ರಾತ್ರಿ ಕೊಕ್ಕೆಗೆ ತಂಗಿಯ ಪೊಟ್ಟಣದಿಂದ ಒಂದು ತುಂಡು ಒಣಮೀನು ಸಿಕ್ಕಿಸಿದ್ದಳಂತೆ. ಕೊಕ್ಕೆ ಬರಿದಾಗಿತ್ತು.

ಸೊಸೆ ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಲೆಮೂಲೆ ಹುಡುಕಿದಳು. "ಮಾವ, ಇದ್ರಲ್ಲಿ ತಾಟೆ ಎಲ್ಲುಂಟು?"

ಹಿತ್ತಲಿಗೆ ಒಯ್ದು ಬಾಗಿಲೆತ್ತಿದೆವು. ಅದು ತೆಂಗಿನ ಮರದ ಕಡೆ ಹೋಗಲಿಲ್ಲ. ಗೋಡೆಯಂಚು ಹಿಡಿದು, ಕಾಸು ಕುಲುಕುತ್ತಾ, ಒಣಮೀನಿಟ್ಟ ಜಗಲಿಯತ್ತ ನೇರ ಓಡಿತು.